ಅಳ್ವೆಕೋಡಿಯಲ್ಲಿ ಹ್ಯಾಂಡ್‌ಬ್ರೇಕ್

ಹಳೇ ಟೆಂಪೊ ಟ್ರಾವೆಲರ್. ಅಂಕೋಲೆ ಸೀಮೆಯ
ದಿಬ್ಬಣಗಳನ್ನೆಲ್ಲ ಹೊತ್ತು ಸವೆದದ್ದು.
ಸೀಟು ಕಿತ್ತು ಹಲಗೆಯ ಮಂಚ ಬಡಿಸಿದರು,
ಮಂಚದಡಿ ಅಕ್ಕಿ ಡಬ್ಬ, ಒಣಸಿಗಡಿ, ಬಿಪಿ ಗುಳಿಗೆ,
ಕಿಟಕಿಗೆ ನನ್ನದೇ ವಾಯಿಲ್ ಸೀರೆಯ ಪರದೆ.
ಗ್ಯಾಸ್ ಸಿಲಿಂಡರಿಗೆ ಸರಪಳಿ, ಬೀಗ,
ಹಗ್ಗ ಹರಿದು ಓಡುವ ಹಸುವೇನೋ ಎಂಬಂತೆ.

ಮೂವತ್ತನಾಲ್ಕು ವರ್ಷ ಕಾರವಾರ–ಹುಬ್ಬಳ್ಳಿ ಬಸ್ಸು ಓಡಿಸಿದ ಹಮ್ಮಣ್ಣ
ನಿವೃತ್ತಿಯಾದ ಮೇಲೂ ಕೈ ಸುಮ್ಮನಿರದೆ
ಊಟದ ತಟ್ಟೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದರು.
ಜಿಲ್ಲಾಸ್ಪತ್ರೆಯ ರಕ್ತಪರೀಕ್ಷೆ ಕೋಣೆಯಲ್ಲಿ
ಊರವರ ಬೆರಳ ತುದಿಯನ್ನಷ್ಟೇ ಕಂಡಿದ್ದ ನಾನು
‘ಹೋಗೋಣ’ ಅಂದೆ. ಎಲ್ಲಿಗೆಂದು ಅವರು ಕೇಳಲಿಲ್ಲ.
ಡ್ರೈವರು ಕೇಳುವುದಿಲ್ಲ, ಅದು ಕಂಡಕ್ಟರನ ಕೆಲಸ.

ಮೊದಲ ರಾತ್ರಿ ತಂಗಿದ್ದು ಸದಾಶಿವಗಡದ ಬುಡದಲ್ಲಿ.
ಕಾಳಿ ಹೊಳೆಯಾಚೆ, ಕೋಡಿಬಾಗದ ನಮ್ಮ ಮನೆಯ
ಜಗಲಿ ದೀಪ ಉರಿಯುತ್ತಲೇ ಇತ್ತು.
ಆರಿಸದೆ ಬಂದದ್ದು ಯಾರೆಂದು
ಬೆಳಗಿನ ತನಕ ಜಗಳ.
ಪ್ರವಾಸ ಹೀಗೆ ಶುರುವಾಯಿತು.

ಶಿರಸಿ ತಂಪೆಂದು ಸ್ವೆಟರು ತಂದಿದ್ದೆ, ಅಲ್ಲೂ ಬೆವರು.
ದೇವಿಮನೆ ಘಟ್ಟ ಇಳಿಯುವಾಗ ಪ್ರತಿ ಬಸ್‌ಸ್ಟಾಪಿಗೂ
ಇವರ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ.
ಕತಗಾಲದಲ್ಲಿ ಮುದುಕಿಯೊಬ್ಬಳು ಎರಡು ಹಲಸಿನಕಾಯಿ ಸಮೇತ
ಹತ್ತಿಯೇಬಿಟ್ಟಳು. ನಮ್ಮ ಮಂಚದ ಮೇಲೆ ಕೂತು
‘ಕುಮಟೆ’ ಎಂದು ಆಧಾರ್ ಕಾರ್ಡು ಮುಂದೆ ಹಿಡಿದಳು.
ತಿರುಗಿಸಿ ನೋಡಿ, ಸರಿಯಿದೆ ಎಂದು ಮರಳಿಸಿದೆ.
ಇಳಿಯುವಾಗ ಗಂಭೀರವಾಗಿ ಹೇಳಿದಳು:
‘ಈ ಬಸ್ಸು ಚಲೋ ಅದೆ. ದಿನಾ ಬಿಡ್ರಿ.’

ಅಳ್ವೆಕೋಡಿಯಲ್ಲಿ ನನ್ನ ತಮ್ಮ ಬೊಮ್ಮಯ್ಯನ ಗದ್ದೆ.
ಎರಡು ದಿನ ಎಂದು ಹ್ಯಾಂಡ್‌ಬ್ರೇಕ್ ಎಳೆದದ್ದು,
ಹತ್ತೊಂಬತ್ತು ದಿನವಾಯಿತು.
ಉಸುಕು ಮಣ್ಣು ಸಡಿಲಿಸಿದರೆ ಈರುಳ್ಳಿ
ಮಗು ಮುಷ್ಟಿ ಬಿಟ್ಟಂತೆ ಕೈಗೆ ಬರುತ್ತದೆ.
ತಮ್ಮನ ಹೆಂಡತಿ ರಾಕು ಜತೆ ಕೂತು ಜಡೆ ಹೆಣೆದೆ.
ನನ್ನ ತಲೆಯಲ್ಲಿ ಹೆಣೆಯುವಷ್ಟು ಉಳಿದಿಲ್ಲ,
ಬೆರಳಿಗೆ ಮಾತ್ರ ನೆನಪಿತ್ತು.
ಹಮ್ಮಣ್ಣ ಹೆದ್ದಾರಿ ಬದಿಗೆ ಗಾಡಿ ಒಯ್ದು
ಜಡೆಗಳನ್ನು ಕ್ಯಾರಿಯರಿಗೆ ನೇತುಹಾಕಿ ನಿಂತರು.
ರೇಟು ಕೂಗಲು ನಾಚಿಕೆ. ಹಾರ್ನ್ ಒತ್ತುತ್ತಿದ್ದರು.
ಗಿರಾಕಿಗಳು ಬೈದು ಪಕ್ಕಕ್ಕೆ ಸರಿದರು.
ಆಮೇಲೆ ಬೊಮ್ಮಯ್ಯನ ಮೊಮ್ಮಗಳು ಸಾನಿಕಾ ಬಾಗಿಲಲ್ಲಿ ನಿಂತು
‘ಹೋಲ್ಡಾನ್! ನೂರಕ್ಕೆರಡು!’ ಎಂದ ಮೇಲೆಯೇ
ವ್ಯಾಪಾರ ಕುದುರಿದ್ದು.

ಏಪ್ರಿಲ್ಲಿನ ಒಂದು ನಡುರಾತ್ರಿ, ಘಟ್ಟದ ದಿಕ್ಕಿನಲ್ಲಿ ಗುಡುಗು.
ಅಂಗಳದ ತುಂಬ ಒಣಗಲು ಹರವಿದ ಈರುಳ್ಳಿ.
ಅಟ್ಟ ತುಂಬಿತ್ತು, ಕೊಟ್ಟಿಗೆ ತುಂಬಿತ್ತು.
ಇವರು ಗಾಡಿಯ ಹಿಂಬಾಗಿಲು ತೆರೆದರು.
ಮೊದಲು ಹಾಸಿಗೆ ಹೊರಗೆ ಬಿತ್ತು,
ಆಮೇಲೆ ಅಕ್ಕಿ ಡಬ್ಬ, ಆಮೇಲೆ ನಾನು.
ಬುಟ್ಟಿ ಮೇಲೆ ಬುಟ್ಟಿ, ಪರದೆ ಮುಚ್ಚುವಷ್ಟು ತುಂಬಿದೆವು.
ರಾಕು ದೇವರಿಗೆ ಕಾಯಿ ಹೇಳಿಕೊಂಡಳು.
ಮಳೆ ಬಂತು. ಹನಿ ಎಣಿಸಬಹುದಿತ್ತು.
ಎಣಿಸಿದಳು ಸಾನಿಕಾ, ನಲವತ್ತರ ತನಕ.
ಮೋಡ ಕಡಲಿಗೆ ಹೋಯಿತು.

ಮನೆಯೊಳಗೆ ಸೆಕೆ. ಗಾಡಿಯಡಿ ಚಾಪೆ ಹಾಸಿ ಮಲಗಿದೆವು,
ಮೂಗಿನ ಮೇಲೆಯೇ ಆಕ್ಸಲ್.
‘ಹುಬ್ಬಳ್ಳಿ ಹಾಲ್ಟಿನಲ್ಲೂ ಹೀಗೇ,’ ಎಂದರು ಕತ್ತಲಿಗೆ,
‘ಮಳೆಗಾಲದಲ್ಲಿ ಬಸ್ಸಿನೊಳಗೆ, ಬೇಸಗೆಯಲ್ಲಿ ಬಸ್ಸಿನ ಕೆಳಗೆ.’

ನಾನು ಒಂದು ಕೋಣೆ ಎಂದುಕೊಂಡಿದ್ದೆ.
ಒಂದು ಮಂಚ, ಒಂದು ಫ್ಯಾನು, ಗೋಡೆಗೊಂದು ಕ್ಯಾಲೆಂಡರು.
ಅಷ್ಟು ವರ್ಷ, ಇವರಿಲ್ಲದ ಎಲ್ಲ ರಾತ್ರಿ
ಇವರನ್ನು ಆ ಕೋಣೆಯಲ್ಲೇ ಮಲಗಿಸಿದ್ದೆ,
ಕೆಲವೊಮ್ಮೆ ಸಿಟ್ಟಿನಿಂದ.
ಏನೂ ಹೇಳಲಿಲ್ಲ. ಚಾದರವನ್ನು ಅವರ ಕಡೆಗೆ ತಳ್ಳಿದೆ.
‘ಸೆಕೆ,’ ಎಂದು ವಾಪಸು ತಳ್ಳಿದರು.

ಮೇ ತಿಂಗಳು ಗೋವೆಗೆಂದು ಹೊರಟು ಮಾಜಾಳಿ ನಾಕೆಯಲ್ಲಿ ನಿಂತಾಗ
ಎಳೆ ಪೊಲೀಸನೊಬ್ಬ ಹಿಂಬಾಗಿಲು ತೆರೆದು ಮೂಸಿದ.
ಪರದೆಯ ನೆರಿಗೆಯಿಂದ ಒಂದು ಕೆಂಪು ಸಿಪ್ಪೆ ಹಾರಿ
ಅವನ ಅಂಗಿಯ ಗುಂಡಿಗೆ ಅಂಟಿಕೊಂಡಿತು.
‘ಎಷ್ಟು ಚೀಲ?’
‘ಚೀಲ ಇಲ್ಲಪ್ಪ,’ ಅಂದೆ, ‘ಇಬ್ಬರೇ.’